ಎಡಗಿವಿಯ ಗುರುತು

ಮೂರು ತಿಂಗಳ ಹಿಂದೆ ಹರಿಹರದಲ್ಲಿ ಹದಿನೆಂಟು ಬೀದಿನಾಯಿಗಳ ಎಡಗಿವಿಯ ತುದಿ ಕತ್ತರಿಸಿದರು. ಕಿವಿ ಕತ್ತರಿಸಿದ್ದರೆ ಸಂತಾನಹರಣ ಆಪರೇಷನ್ ಆಗಿದೆ ಎಂದು ಅರ್ಥ. ಆಪರೇಷನ್ ಆಗಿರಲಿಲ್ಲ.

ಕತ್ತರಿ ಹಿಡಿದವನು ಸಹಾಯಕ ಎರ್ರಿಸ್ವಾಮಿ. ಹಿಡಿಸಿದವನು ಗುತ್ತಿಗೆದಾರ ಶಿವಯೋಗಪ್ಪ. ಆ ಸಾಧನೆಗೆ ಶಿವಯೋಗಪ್ಪನಿಗೆ ಶಾಲು, ಹಾರ ಸಂದವು. ಎರ್ರಿಸ್ವಾಮಿಗೆ ಹೆಬ್ಬೆರಳಿನ ಮೇಲೊಂದು ನಾಯಿಕಡಿತ ಸಂದಿತು.

ಈಗ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಶಿಬಿರ. "ಸಂಜೆ ಐದಕ್ಕೆ ಪಾಲಿಕೆ ಸಾಹೇಬ್ರು ನೋಡಾಕೆ ಬರ್ತಾರೆ. ಆರು ಆಪರೇಷನ್ ಆಗಿರ್ಬೇಕು. ಇಲ್ಲಾಂದ್ರೆ ನಾಳೆಯಿಂದ ನೀನು ಮನೆಯಾಗಿರು," ಎಂದು ಶಿವಯೋಗಪ್ಪ ಬೆಳಿಗ್ಗೆಯೇ ಆಶೀರ್ವದಿಸಿ ಹೋಗಿದ್ದ.

ಈ ಸಲ ಡಾಕ್ಟರ್ ಬೇರೆಯವರು. ಹಿಂದಿನ ರಾತ್ರಿಯಿಂದ ಉಪವಾಸವಿರದ ನಾಯಿಗೆ ಸಹನಾ ಮೇಡಂ ಮತ್ತಿನ ಇಂಜೆಕ್ಷನ್ ಕೊಡುತ್ತಿರಲಿಲ್ಲ. ಮತ್ತಿನಲ್ಲಿ ವಾಂತಿಯಾಗಿ ಉಸಿರುಗಟ್ಟಿದರೆ ನಾಯಿ ಸಾಯುತ್ತದೆ. ಅದಕ್ಕೇ ಎರ್ರಿಸ್ವಾಮಿ ಆರು ನಾಯಿಗಳನ್ನು ಹಿಂದಿನ ದಿನವೇ ಹಿಡಿದು ಬೋನಿನಲ್ಲಿ ಉಪವಾಸ ಕೆಡವಿದ್ದ. ಬೆಳಿಗ್ಗೆ ಚಹಾ ಕುಡಿದು ಬರುವಷ್ಟರಲ್ಲಿ ಎದುರುಮನೆಯ ಕಮಲಕ್ಕ ಖಾಲಿ ಡಬ್ಬಿ ಹಿಡಿದು ಬೋನಿನ ಮುಂದೆ ಕೂತಿದ್ದರು. ಒಳಗೆ ಆರೂ ನಾಯಿಗಳು ಮದುವೆ ಊಟ ಮುಗಿಸಿದ ಬೀಗರಂತೆ ಮೂತಿ ನೆಕ್ಕಿಕೊಳ್ಳುತ್ತಿದ್ದವು.

"ಅಕ್ಕಾ, ಏನ್ ಹಾಕಿದ್ರಿ?"

"ಎರಡೆರಡು ಬೆಣ್ಣೆದೋಸೆ ಕಣಪ್ಪ. ಹೊಟ್ಟೆ ಕೊಯ್ಯೋರು ನೀವು. ಹಸ್ಕೊಂಡೇ ಕೊಯ್ಸ್ಕೋ ಅಂದ್ರೆ ಹೆಂಗೆ, ಪಾಪ!"

ಸಹನಾ ಗ್ಲೌಸ್ ಕಳಚಿದರು. "ಇವತ್ತು ಇವು ಬ್ಯಾಡ."

ವ್ಯಾನ್ ಡ್ರೈವರ್ ಹುಲಿಯಪ್ಪ ಹಸಿದ ನಾಯಿ ಹುಡುಕುತ್ತ ಹರಿಹರಕ್ಕೆ ಓಡಿದ. ಎರಡು ಗಂಟೆಗೆ ಒಂದೇ ಒಂದು ಹೆಣ್ಣುನಾಯಿ ತಂದ. ನಿನ್ನೆಯಿಂದ ಬೀಗ ಹಾಕಿದ ಗೋದಾಮಿನಲ್ಲಿ ಸಿಕ್ಕಿಕೊಂಡಿತ್ತಂತೆ, ಉಪವಾಸಕ್ಕೆ ಅಡ್ಡಿಯಿಲ್ಲ.

"ಕಿವಿ ಕತ್ತರಿಸ್ಯಾರಲ್ರೀ. ಇದಕ್ಕೆ ಆಪರೇಷನ್ ಆಗೈತೆ. ಬಿಟ್ಟು ಬರ್ರಿ," ಎಂದರು ಸಹನಾ.

ಎರ್ರಿಸ್ವಾಮಿ ಬಗ್ಗಿ ನೋಡಿದ. ಕಿವಿಯ ಅಂಚು ಅವಸರದಲ್ಲಿ ಹರಿದ ಬಸ್ ಟಿಕೆಟ್ಟಿನಂತೆ ಸೊಟ್ಟಗಿತ್ತು.

"ಈ ಕೆಲ್ಸ ನಂದೇ ಮೇಡಂ. ಕಿವಿ ಅಷ್ಟೇ ಆಗೈತೆ."

ಮೇಡಂ ಬಾಯಿ ತೆರೆಯುವ ಮೊದಲೇ ನಾಯಿ ಸಾಕ್ಷಿ ಹೇಳಿತು. ಸಾಹೇಬರಿಗೆಂದು ಹಾಸಿದ್ದ ಜಮಖಾನದ ಮೇಲೆ ಸುತ್ತಿ ಸುತ್ತಿ ಮಲಗಿ, ಒಂದರ ಹಿಂದೊಂದು ಮರಿ ಹಾಕತೊಡಗಿತು. ಕೊನೆಯದು ಹೊರಬಿದ್ದಾಗ ನಾಲ್ಕೂಮುಕ್ಕಾಲು.

ಶಿವಯೋಗಪ್ಪ ಒಳಬಂದ. ಕತ್ತರಿಸಿದ ಕಿವಿ ನೋಡಿದ, ಮರಿಗಳನ್ನು ನೋಡಿದ. ಈಗಲಾದರೂ ತಲೆ ತಗ್ಗಿಸುತ್ತಾನೆ ಎಂದುಕೊಂಡ ಎರ್ರಿಸ್ವಾಮಿ. ಶಿವಯೋಗಪ್ಪ ತಗ್ಗಿಸಿದ, ಎಣಿಸುವುದಕ್ಕೆ. ಎಣಿಸಿದವನ ಮುಖ ಟ್ಯೂಬ್‌ಲೈಟಿನಂತೆ ಎರಡು ಸಲ ಮಿನುಗಿ ಹೊತ್ತಿಕೊಂಡಿತು.

"ಆರು! ದೇವ್ರೇ ಟಾರ್ಗೆಟ್ ಮುಟ್ಟಿಸ್ಯಾನೆ ನೋಡಲೇ! ತಗಿ ಕತ್ತರಿ, ಕಿವಿ ಕತ್ತರ್ಸು."

"ಸರ್, ಅವಿನ್ನೂ ಕಣ್ಣೇ ಬಿಟ್ಟಿಲ್ಲ."

"ಸಾಹೇಬ್ರೂ ಕಣ್ಣು ಬಿಟ್ಟು ನೋಡಲ್ಲ. ಕತ್ತರ್ಸು."

ಹೊರಗೆ ಜೀಪಿನ ಹಾರ್ನ್ ಕೇಳಿಸಿತು. ತಾಯಿನಾಯಿ ಹಲ್ಲು ತೋರಿಸಿ ಗುರ್ರೆಂದಿತು. ಎರ್ರಿಸ್ವಾಮಿ ಹೆಬ್ಬೆರಳಿನ ಗಾಯ ಸವರಿಕೊಂಡ. ಕತ್ತರಿಯನ್ನು ಒರೆಸಿ ಶಿವಯೋಗಪ್ಪನ ಅಂಗೈಯಲ್ಲಿಟ್ಟ.

"ಒಲ್ಲೆ ಸರ್. ನಾಳೆಯಿಂದ ಮನೆಯಾಗೇ ಇರ್ತೀನಿ. ನೀವು ಕತ್ತರ್ಸ್ರಿ, ಅವರವ್ವ ಇಲ್ಲೇ ಅದಾಳೆ."