ಮಾವನ ಬೆನ್ನಿನ ನಾದ

ಆಪರೇಷನ್ ಮಾಡಿದ ಡಾಕ್ಟರಿಗೇ ಮಾರ್ಕು ಹಾಕಿದ ರೋಗಿಯನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನನ್ನ ಸೋದರಮಾವ! ಶಿವಾರಪಟ್ಟಣದ ಶಿಲ್ಪಿ. ಕಲ್ಲನ್ನು ಸುತ್ತಿಗೆಯಿಂದ ತಟ್ಟಿ, ಗಂಟೆಯ ಹಾಗೆ ನಾದ ಬಂದರೆ ಗಟ್ಟಿ, ಬೊದ್ ಎಂದರೆ ಒಳಗೆ ಬಿರುಕು ಎಂದು ಹೇಳುವವನು. ಈ ಚಾಳಿ ಕಲ್ಲಿಗೇ ನಿಂತಿದ್ದರೆ ಸರಿ. ಕುಂಬಳಕಾಯಿ, ಬಾಗಿಲು, ಹೆಣ್ಣು ನೋಡಲು ಬಂದ ಹುಡುಗನ ಬೆನ್ನು, ಯಾವುದನ್ನು ಬಿಟ್ಟಿದ್ದ?

ಎರಡನೇ ಮಹಾಯುದ್ಧದ ವರ್ಷಗಳವು. ಬೆನ್ನುಮೂಳೆ ಕೆಟ್ಟು, ಕಾಲು ಎತ್ತಿಡಲಾಗದ ಮಾವನನ್ನು ಬೆಂಗಳೂರಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಅವನ ಮೊಣಕಾಲ ಕೆಳಗಿನ ಮೂಳೆಯಿಂದಲೇ ಒಂದು ಚೂರು ತೆಗೆದು ಬೆನ್ನಿಗೆ ಬೆಸೆದರು. ಎಚ್ಚರವಾದ ಮಾವ, ಬೆನ್ನು ರಿಪೇರಿ ಮಾಡಿ ಅಂದರೆ ಕಾಲನ್ನೂ ಕೆತ್ತಿದ್ದಾರಲ್ಲ ಎಂದು ಗೊಣಗಿದ. ಎದೆಯಿಂದ ಸೊಂಟದವರೆಗೆ ಹಾಕಿದ್ದ ಪ್ಲಾಸ್ಟರನ್ನೂ ತಟ್ಟಿ ನೋಡಿ, ಗಾರೆ ಕೆಲಸ ಪರವಾಗಿಲ್ಲ ಎಂದು ಡಾಕ್ಟರನ್ನು ಪಾಸು ಮಾಡಿದ.

ಊರಿಗೆ ವಾಪಸು ಬರುವಾಗ ಮಾಲೂರಿನವರೆಗೆ ರೈಲು, ಅಲ್ಲಿಂದ ಎತ್ತಿನ ಗಾಡಿ. ಆ ದಾರಿಯಲ್ಲಿ ಒಂದು ವಿಷಯ ಗೊತ್ತಾಯಿತು. ನೋವು ಸಣ್ಣದಿದ್ದರೆ ಮಾವ ಕನ್ನಡದಲ್ಲಿ ಬಯ್ಯುತ್ತಾನೆ, ಜೋರಾದರೆ ತೆಲುಗಿಗೆ ಹೋಗುತ್ತಾನೆ. ಮನೆಯಲ್ಲಿ ಅತ್ತೆಗೆ ಇದೇ ಥರ್ಮಾಮೀಟರ್! ಕನ್ನಡ ಕೇಳಿಸಿದರೆ ಅಡುಗೆಮನೆಯಲ್ಲೇ ಒಗ್ಗರಣೆ ಮುಂದುವರಿಸುವಳು. ತೆಲುಗು ಕೇಳಿಸಿದರೆ ತೊಡೆಗೆ ಬಿಸಿ ಉಪ್ಪಿನ ಗಂಟು ತರುವಳು. ಏನೂ ಕೇಳಿಸದಿದ್ದರೆ ಮಾತ್ರ ಕೈ ಒರೆಸಿಕೊಂಡು ಓಡುವಳು. ಬಯ್ಯಲೂ ಆಗದಷ್ಟು ನೋವು ಎಂದು ಅರ್ಥ, ನೋವಿನ ಮಾತ್ರೆ ಕೊಡುತ್ತಿದ್ದದ್ದು ಆಗಲೇ.

ಮಗ್ಗುಲು ಬದಲಿಸುವುದು ನನ್ನ ಪಾಲಿನ ಕೆಲಸ. ಬೆನ್ನು ತಿರುಚದಂತೆ, ಮರದ ದಿಮ್ಮಿ ಉರುಳಿಸಿದ ಹಾಗೆ. ದಿನಕ್ಕೆ ಎಷ್ಟು ಸಲ? ಲೆಕ್ಕ ಇಡುವುದನ್ನೇ ಬಿಟ್ಟಿದ್ದೆ. ಒಂದು ತಿಂಗಳು, ಎರಡು, ಮೂರು... ಅಂಗಾತ ಮಲಗಿದ ಮಾವ ಸೂರಿನ ಕಲ್ಲುಚಪ್ಪಡಿಗಳನ್ನು ನೋಡಿ, ಆ ಮೂರನೆಯದನ್ನು ಕೆತ್ತಿದವನು ಶುದ್ಧ ಸೋಮಾರಿ ಎಂದ. ಅದನ್ನು ಕೆತ್ತಿದ್ದು ಅವರಪ್ಪ! ನಗಲೂ ನನಗೆ ತ್ರಾಣವಿರಲಿಲ್ಲ.

ಅಂತೂ ಪ್ಲಾಸ್ಟರ್ ಬಿಚ್ಚಿದರು. ಮಾವ ಕೋಲು ಹಿಡಿದು ನಿಂತ. ಎಲ್ಲ ಮುಗಿಯಿತು ಅಂದುಕೊಂಡಿರಾ? ಕೆಲಸದ ಚಪ್ಪರದಲ್ಲಿ ಒಬ್ಬ ಗಣಪತಿ ಕಾಯುತ್ತಿದ್ದ. ಮುಳಬಾಗಿಲ ಕಡೆಯ ಹಳ್ಳಿಯೊಂದಕ್ಕೆ ಮಾವ ಕಾಯಿಲೆಗೆ ಮುಂಚೆ ಕೆತ್ತಿದ್ದು. ಉಳಿಯಿಂದ ಗೆರೆ ಬಿಡಿಸಿ ಕಣ್ಣು ತೆರೆಸುವುದೊಂದೇ ಬಾಕಿ. ಅದು ಕೊನೆಯ ಕೆಲಸ, ಕೆತ್ತಿದವನೇ ಮಾಡಬೇಕು. ಮಾವ ಒಲ್ಲೆ ಎಂದ. ಒಡೆದು ಬೆಸೆದ ಕಲ್ಲನ್ನು ನಮ್ಮವರು ಪೂಜೆಗೆ ಇಡುವುದಿಲ್ಲ, ಅದೇ ಕಾರಣ.

“ನಾನೀಗ ತೇಪೆ ಹಾಕಿದ ಕಲ್ಲು ಕಣೋ. ಈ ಕೈ ದೇವ್ರ ಕಣ್ಣು ಮುಟ್ಟಬಾರ್ದು. ಉಳಿ ಎಲ್ಲಾ ಎತ್ತಿಡು.”

ಉಳಿ ಇಲ್ಲದ ಮಾವ ಅಂದರೆ ಯಾರು? ಕೋಲು ಹಿಡಿದ ಯಾರೋ ಒಬ್ಬ ಮುದುಕ. ಬೇರೆಯವರ ಕೈಯಲ್ಲಿ ಕಣ್ಣು ತೆರೆಸುತ್ತೇವೆ ಎಂದು ಹಳ್ಳಿಯವರು ಹೇಳಿ ಕಳಿಸಿದರು. ಆಗಲೂ ಮಾವ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ. ಮಾತಿಲ್ಲವಲ್ಲ ಎಂದು ಅತ್ತೆ ಮಾತ್ರೆ ಕೊಟ್ಟಳು. ಮಾತ್ರೆ ಏನು ಮಾಡೀತು? ಎಂಟು ದಿನ ನೋಡಿ, ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

“ತಲೇನೇ ಜೋಡಿಸಿರೋ ದೇವ್ರು ಅದು. ನಿಮ್ಮ ಬೆನ್ನು ಜೋಡಿಸವ್ರೆ ಅಂತ ಮುಖ ತಿರುಗಿಸ್ತದಾ?”

ಮಾವ ನಕ್ಕ. ನಗು ಬೆನ್ನಿಗೆ ಹೋಗಿ ಹಿಡಿಯಿತು. ತೆಲುಗಿನಲ್ಲಿ ಬಯ್ದ!

ಮಾರನೆಯ ಬೆಳಿಗ್ಗೆ, ಬಗ್ಗಲಾರದ ಮಾವನಿಗೆ ಎಟುಕುವಂತೆ ಗಣಪತಿಯನ್ನು ನಾಲ್ಕು ಜನ ಕಟ್ಟೆಯ ಮೇಲೆ ಎತ್ತಿಟ್ಟೆವು. ನಾನು ಹಿಂದೆ ನಿಂತು ಅವನ ಎರಡೂ ಪಕ್ಕೆ ಹಿಡಿದುಕೊಂಡೆ. ಉಳಿಯ ಮೇಲೆ ಏಟು ಬಿದ್ದಾಗಲೆಲ್ಲ ಅವನ ಬೆನ್ನಿನ ನಡುಕ ನನ್ನ ಕೈಗೆ ಬರುತ್ತಿತ್ತು. ಕನ್ನಡವಿಲ್ಲ, ತೆಲುಗಿಲ್ಲ. ಅತ್ತೆ ಮಾತ್ರೆ ಹಿಡಿದು ಚಪ್ಪರದ ಕಂಬದ ಹತ್ತಿರ ಬಂದಳು, ಅಲ್ಲೇ ನಿಂತಳು.

ಎರಡು ಕಣ್ಣೂ ತೆರೆದವು. ಮಾವ ಸುತ್ತಿಗೆ ಕೆಳಗಿಟ್ಟು, ಬೆವರು ಒರೆಸಿಕೊಂಡ.

“ಲೇ, ನನ್ನ ಬೆನ್ನು ಒಂದು ಸಾರಿ ತಟ್ಟಿ ನೋಡು. ನಾದ ಹೆಂಗದೆ?”

ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದೆ. ಬೊದ್ ಎಂದಿತು. ಮೂಳೆ, ಮಾಂಸ ಇನ್ನೇನು ಅನ್ನುತ್ತದೆ?

“ಗಂಟೆ ಇದ್ದಂಗದೆ ಮಾವ.”

ಕಲ್ಲಿನೊಳಗಿನ ಕೂದಲೆಳೆಯಷ್ಟು ಬಿರುಕನ್ನೂ ಹಿಡಿಯುವ ಕಿವಿ ಅದು. ಮಾವ “ಹೂಂ” ಎಂದು, ಅತ್ತೆಯ ಕಡೆಗೆ ಮಾತ್ರೆಗಾಗಿ ಕೈ ಚಾಚಿದ.