ಒಂದು ಪೆಟ್ಟು ಎಂದರೆ ‘ಇಲ್ಲ’

ಗಡಿಯಾರ ರಿಪೇರಿಯವರ ಬಾಯಿಂದ ‘ಇಲ್ಲ’ ಎಂಬ ಮಾತು ಹೊರಡುವುದು ಬಹಳ ತಡ. ‘ಹೂಂ’ ಸಲೀಸಾಗಿ ಬರುತ್ತದೆ, ‘ಆಗಲಿ’ಯೂ ಬರುತ್ತದೆ. ‘ಇಲ್ಲ’ ಮಾತ್ರ ಹಲ್ಲಿನ ಹಿಂದೆ ಸಿಕ್ಕಿಕೊಂಡು "ಇ... ಇ..." ಎಂದು ಅಲ್ಲೇ ನಿಲ್ಲುತ್ತದೆ. ಚಿಕ್ಕಂದಿನ ಉಗ್ಗು. ಅವರಿಗೆ ಅದರಿಂದ ನಾಚಿಕೆಯೇನೂ ಇರಲಿಲ್ಲ. ಕಷ್ಟವೆಲ್ಲ ಕೇಳುವವರ ಅವಸರದ್ದು.

ಅಂದು ಬೆಳಿಗ್ಗೆ ಭಾಮೈದ ಮೆಟ್ಟಿಲ ಮೇಲೆ ಎದುರಾದ. "ಭಾವ, ನಮ್ಮ ಬ್ಯಾಂಡಿಗೆ ಪ್ರಾಕ್ಟೀಸ್ ಮಾಡೋಕೆ ಜಾಗಾನೇ ಸಿಗ್ತಿಲ್ಲ. ನಿಮ್ಮ ಕೆಲಸದ ರೂಮು ಕೊಡ್ತೀರಾ? ದಿನಾ ಸಂಜೆ ಆರರಿಂದ ಎಂಟು, ಅಷ್ಟೇ."

"ಇ... ಇ..."

"ಮೌನಂ ಸಮ್ಮತಿ ಲಕ್ಷಣಂ! ಸಂಜೆ ಸಿಗ್ತೀನಿ ಭಾವ!" ಎಂದವನೇ ಎರಡೆರಡು ಮೆಟ್ಟಿಲು ಹಾರಿ ಮಾಯವಾದ.

ಆ ರೂಮೆಂದರೆ ಅವರಿಗೆ ಪ್ರಾಣ. ಒಂದು ಮೇಜು, ಒಂದು ದೀಪ, ಗೋಡೆಯ ಮೇಲೆ ಹನ್ನೊಂದು ಗಡಿಯಾರ. ಕೈಗಡಿಯಾರವನ್ನು ಕಿವಿಗೆ ಹಿಡಿದು, ಅದರ ಕಾಯಿಲೆಯನ್ನು ಸದ್ದಿನಲ್ಲೇ ಪತ್ತೆ ಮಾಡುವ ಜಾಗ ಅದು. ಅಲ್ಲಿ ಭಾಮೈದ ತುತ್ತೂರಿ ಊದಿದರೆ ಅವರ ಕೆಲಸ ಕೆಟ್ಟಂತೆಯೇ.

"ಅವನು ನನ್ನ ತಮ್ಮ ಕಣ್ರೀ, ನಾನು ಹೇಗೆ ಬೇಡ ಅನ್ಲಿ? ನೀವೇ ಹೇಳ್ಬಿಡಿ," ಎಂದು ಹೆಂಡತಿ ಆಫೀಸಿನ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ಹೇಳುವುದು ಅಷ್ಟು ಸುಲಭವಾಗಿದ್ದರೆ ಈ ಕತೆ ಯಾಕೆ ಬೇಕಿತ್ತು, ಹೇಳಿ.

ಮೇಲಿನ ಮನೆಯ ನಿವೃತ್ತ ಟೀಚರಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಆ ಕಟ್ಟಡದಲ್ಲಿ ಅವರ ಕಿವಿಗೆ ಬೀಳದ ವಿಷಯವಿಲ್ಲ. "ನಿಮಗೊಬ್ಬ ಥೆರಪಿಸ್ಟ್ ಬೇಕು. ನಡೀರಿ, ನಾನೂ ಬರ್ತೀನಿ," ಎಂದರು. ‘ನೀವು ಬರುವುದು ಬೇಡ’ ಎನ್ನಲು ರಿಪೇರಿಯವರು ಬಾಯಿ ತೆರೆಯುವಷ್ಟರಲ್ಲಿ ಟೀಚರಮ್ಮ ಚಪ್ಪಲಿ ಮೆಟ್ಟಿಯಾಗಿತ್ತು.

ಮೊದಲು ಹೋದದ್ದು ಪೇಟೆಯ ದೊಡ್ಡ ಸಲಹೆಗಾರರ ಹತ್ತಿರ. "ಮನಸ್ಸು ಬಿಚ್ಚಿ ಮಾತಾಡಿ, ಮುಕ್ಕಾಲು ಗಂಟೆ ಇದೆ," ಎಂದು ಅವರು ಕುರ್ಚಿಗೆ ಒರಗಿದರು. ರಿಪೇರಿಯವರು ಒಂದು ಮಾತು ಶುರುಮಾಡಿದರೆ ಟೀಚರಮ್ಮ ಅದನ್ನು ಮುಗಿಸುತ್ತಿದ್ದರು. ಟೀಚರಮ್ಮ ಉಸಿರೆಳೆದುಕೊಂಡಾಗಲೆಲ್ಲ ಸಲಹೆಗಾರರು ತಮ್ಮ ಸೊಂಟನೋವಿನ ಕತೆ ಹೇಳುತ್ತಿದ್ದರು. ಕೊನೆಗೆ ಸಲಹೆಗಾರರೇ ಕಣ್ಣೊರೆಸಿಕೊಂಡು, "ಇವರಿಗೇನೂ ತೊಂದರೆ ಇಲ್ಲಮ್ಮ. ಇಷ್ಟು ತಾಳ್ಮೆಯಿಂದ ಕೇಳೋರನ್ನ ನಾನು ನೋಡೇ ಇಲ್ಲ," ಎಂದು ಕೈಕುಲುಕಿ ಕಳಿಸಿಬಿಟ್ಟರು.

ಹೊರಬಾಗಿಲ ಬಳಿ ರಿಪೇರಿಯವರು ಚೀಟಿಯೊಂದರಲ್ಲಿ ‘ಮಾತಿಲ್ಲದೆ ಹೇಳುವುದನ್ನು ಕಲಿಸುವವರು ಯಾರಾದರೂ ಇದ್ದಾರೆಯೆ?’ ಎಂದು ಬರೆದು ಅಲ್ಲಿ ಕೂತಿದ್ದ ಸಹಾಯಕಿಗೆ ಕೊಟ್ಟರು. ಆಕೆ ಅದೇ ಚೀಟಿಯ ಹಿಂದೆ ಒಂದು ವಿಳಾಸ ಬರೆದಳು.

ಹಳೆಯ ಮುದ್ರಣಾಲಯದ ಹಿಂದಿನ ಹಜಾರ ಅದು. ಬಾಗಿಲಿಗೆ ಮೆಟ್ಟಿಲಿರಲಿಲ್ಲ, ಗಾಲಿಕುರ್ಚಿ ಹೋಗುವಂಥ ಇಳಿಜಾರು ಇತ್ತು. ಒಳಗೆ ಕಿವಿ ಕೇಳದ ಬಡಗಿಯೊಬ್ಬ ನೀಲಿ ಬಣ್ಣದಲ್ಲಿ ಮೊಣಕೈವರೆಗೆ ಮುಳುಗಿದ್ದ. ಗಾಲಿಕುರ್ಚಿಯಲ್ಲಿ ಕೂತ ದರ್ಜಿಯಾಕೆ ಹಸಿ ಜೇಡಿಮಣ್ಣನ್ನು ಯಾರ ಮೇಲಿನದೋ ಸಿಟ್ಟಿನಿಂದ ಗುದ್ದುತ್ತಿದ್ದಳು.

"ಇಲ್ಲಿ ಮಾತೇ ಆಗಬೇಕು ಅಂತೇನಿಲ್ಲ. ಬಣ್ಣ, ಮಣ್ಣು, ವಾದ್ಯ, ನಿಮಗೆ ಯಾವುದು ಒಗ್ಗುತ್ತೋ ಅದು," ಎಂದಳು ಅಲ್ಲಿನ ಥೆರಪಿಸ್ಟ್.

"ಇವರ ತೊಂದರೆ ಏನಪ್ಪಾ ಅಂದ್ರೆ..." ಎಂದು ಟೀಚರಮ್ಮ ಶುರುಮಾಡಿದರು. "ಇದನ್ನ ಸ್ವಲ್ಪ ಹಿಡ್ಕೊಂಡಿರ್ತೀರಾ?" ಎಂದು ಥೆರಪಿಸ್ಟ್ ಅವರ ಎರಡೂ ಕೈಗೆ ಜೇಡಿಮಣ್ಣಿನ ಮುದ್ದೆ ಇಟ್ಟಳು. ಎಷ್ಟೋ ವರ್ಷಗಳ ಮೇಲೆ ಟೀಚರಮ್ಮನ ಬಾಯಿ ಮುಚ್ಚಿತು.

"ನೀವು ಏನು ಹೇಳಬೇಕು?" ಎಂದು ರಿಪೇರಿಯವರನ್ನು ಕೇಳಿ, ಆಕೆ ಸುಮ್ಮನೆ ಕಾದಳು. ಗಡಿಯಾರ ನೋಡಲಿಲ್ಲ, ಮಾತು ಎತ್ತಿಕೊಡಲಿಲ್ಲ. ‘ಇಲ್ಲ’ ಅನ್ನಬೇಕು ಎಂಬುದನ್ನು ಅವರೇ ಪೂರ್ತಿ ಹೇಳಿ ಮುಗಿಸಿದರು. ತಮ್ಮ ಮಾತಿಗಾಗಿ ಒಬ್ಬರು ಹೀಗೆ ಕಾದದ್ದು ಕಂಡು ಅವರ ಕಣ್ಣು ತುಂಬಿ ಬಂತು.

ಆಕೆ ಒಂದು ಡ್ರಮ್ ತಂದು ಅವರ ತೊಡೆಯ ಮೇಲಿಟ್ಟಳು. "ಒಂದು ಪೆಟ್ಟು ಅಂದ್ರೆ ‘ಇಲ್ಲ’. ಎಷ್ಟು ಬೇಡ ಅನ್ನಿಸುತ್ತೋ ಅಷ್ಟು ಗಟ್ಟಿಯಾಗಿ ಬಾರಿಸಿ."

ಡಬ್! ನೆಲ ಅದುರಿದ್ದು ತಿಳಿದು ಬಡಗಿ ತಿರುಗಿ ನೋಡಿ ಹೆಬ್ಬೆರಳೆತ್ತಿದ. ವಾರದ ಮಟ್ಟಿಗೆ ಎಂದು ಥೆರಪಿಸ್ಟ್ ಡ್ರಮ್ಮನ್ನು ಎರವಲೂ ಕೊಟ್ಟಳು.

ದಾರಿಯಲ್ಲೇ ಪರೀಕ್ಷೆಯಾಯಿತು. "ಈ ಸೋಫಾನ ಮೇಲಕ್ಕೆ ಹತ್ತಿಸೋಕೆ ಕೈ ಹಾಕ್ತೀರಾ?" ಎಂದ ಪಕ್ಕದ ಮನೆಯವನು. ಡಬ್! ಅವನು ಬೆಚ್ಚಿ, "ಬೇಡ ಬಿಡಿ ಸಾರ್," ಎಂದು ಹಿಂದೆ ಸರಿದ. ರಿಪೇರಿಯವರು ಎದೆ ಸೆಟೆಸಿಕೊಂಡು ಮನೆ ಸೇರಿದರು.

ಆರಕ್ಕೆ ಸರಿಯಾಗಿ ತುತ್ತೂರಿಯ ಭಾಮೈದ, ಹಿಂದೆ ಗಿಟಾರಿನವನು, ಕೀಬೋರ್ಡಿನವನು ರೂಮಿಗೆ ಬಂದರು.

"ಭಾವ, ಮೇಜು ಆ ಕಡೆ ತಳ್ಳೋಣ್ವಾ?"

ಡಬ್!

"ನಾವು ಇಲ್ಲೇ ನಿಂತ್ಕೊಳ್ಳೋಣ್ವಾ?"

ಡಬ್!

ಮೂವರೂ ಮುಖ ಮುಖ ನೋಡಿಕೊಂಡರು. "ದಿನಾ ಬರ್ಬೋದಾ ಭಾವ?"

ಡಬ್! ಡಬ್! ಡಬ್!

ಭಾಮೈದ ಓಡಿಬಂದು ಅವರನ್ನು ತಬ್ಬಿಕೊಂಡ. "ಭಾವ! ಡ್ರಮ್ಮಿನವರು ಸಿಗದೆ ಮೂರು ತಿಂಗಳಿಂದ ಒದ್ದಾಡ್ತಿದ್ದೀವಿ! ಮನೇಲೇ ಇಟ್ಕೊಂಡು ಊರೆಲ್ಲಾ ಹುಡುಕಿದ್ವಲ್ಲಾ!"

ಸಿಟ್ಟು ನೆತ್ತಿಗೇರಿ ರಿಪೇರಿಯವರು ಇನ್ನೂ ಗಟ್ಟಿಯಾಗಿ ಬಾರಿಸಿದರು. ತುತ್ತೂರಿ ಸೇರಿಕೊಂಡಿತು. ನಿಲ್ಲಿಸಿ ಎಂದು ಬಾರಿಸಿದರು, ಗಿಟಾರು ಸೇರಿಕೊಂಡಿತು. ಮೂವತ್ತು ವರ್ಷ ಟಿಕ್ ಟಿಕ್ ಕೇಳಿ ಪಳಗಿದ ಕೈ ನೋಡಿ, ತಾಳ ತಪ್ಪಿಸೋಣವೆಂದರೂ ತಪ್ಪಲೊಲ್ಲದು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅಂದಂತಾಯಿತು ಅವರ ಪಾಡು.

ಆಫೀಸಿನಿಂದ ಬಂದ ಹೆಂಡತಿ ಬಾಗಿಲಲ್ಲೇ ನಿಂತು, "ಏನ್ರೀ, ಇಷ್ಟು ವರ್ಷ ಇದನ್ನ ಮುಚ್ಚಿಟ್ಟಿದ್ರಾ?" ಎಂದು ಗಲ್ಲಕ್ಕೆ ಕೈ ಹಚ್ಚಿದಳು. ಸದ್ದು ಕೇಳಿ ಇಳಿದುಬಂದ ಟೀಚರಮ್ಮ ಇನ್ನೂ ಮಣ್ಣು ಮೆತ್ತಿದ್ದ ಕೈಯಲ್ಲೇ ಚಪ್ಪಾಳೆ ತಟ್ಟಿ, "ಇವರ ಮನಸ್ಸಲ್ಲಿ ಏನಿದೆ ಅಂತ ನನಗೆ ಬೆಳಿಗ್ಗೇನೇ ಗೊತ್ತಿತ್ತು," ಎಂದರು.

ಇನ್ನೇನು ಎಂಟಾಗುತ್ತದೆ ಎನ್ನುವಾಗ ಎಲ್ಲರೂ ಹೊರಟರು. "ನಾಳೆ ಐದಕ್ಕೇ ಶುರು ಮಾಡೋಣ್ವಾ ಭಾವ?" ಎಂದು ಭಾಮೈದ ಮೆಟ್ಟಿಲಿಂದ ಕೂಗಿದ.

ರಿಪೇರಿಯವರು ಡ್ರಮ್ಮನ್ನು ಮೆಲ್ಲಗೆ ನೆಲಕ್ಕಿಟ್ಟರು. ಅದರ ಸಹವಾಸ ಸಾಕಾಗಿತ್ತು. ಥೆರಪಿಸ್ಟ್ ಕಾದದ್ದನ್ನು ನೆನೆಸಿಕೊಂಡು, ಅವಸರವಿಲ್ಲದೆ ಬಾಯಿ ತೆರೆದರು. "ಇ... ಇ..."

"ಇಲ್ಲ!" ಅದು ಬಂದೇ ಬಂತು, ಸ್ಪಷ್ಟವಾಗಿ, ಗಟ್ಟಿಯಾಗಿ. ಆದರೆ ಅದೇ ಕ್ಷಣಕ್ಕೆ ಅವರೇ ರಿಪೇರಿ ಮಾಡಿಟ್ಟ ಹನ್ನೊಂದು ಗಡಿಯಾರಗಳೂ ಒಟ್ಟಿಗೆ ಎಂಟು ಹೊಡೆದವು. ಸದ್ದು ಅಡಗಿದಾಗ ಕೆಳಗಿನಿಂದ ಭಾಮೈದನ ದನಿ ಕೇಳಿಸಿತು.

"ಭಾವ ಸುಮ್ಮನಿದ್ದಾರೆ ಕಣ್ರೋ, ಒಪ್ಪಿದ ಹಾಗೇನೇ!"