ಬೀಗರಿಗೆ ತೋಳ ತೋರಿಸಿದ್ದು

ಮನುಷ್ಯನಿಗೆ ಕಾಡಿಗೆ ಹೋಗುವ ಹಂಬಲ ಹುಟ್ಟುವುದು ಒಂದೋ ವೈರಾಗ್ಯದಿಂದ, ಇಲ್ಲವೇ ಬೀಗರಿಂದ. ನನ್ನದು ಎರಡನೆಯ ಬಗೆ. ಕಾಡುಪ್ರಾಣಿಗಳ ಮೇಲೆ ನನಗೆ ದ್ವೇಷವೂ ಇಲ್ಲ, ಕುತೂಹಲವೂ ಇಲ್ಲ. ಅವು ಅವುಗಳ ಪಾಡಿಗೆ ಇರಲಿ, ನಾನು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ನನ್ನ ಅಂಗಡಿಯಲ್ಲಿ ಕೂತಿರುತ್ತೇನೆ ಎಂಬ ಒಪ್ಪಂದ ನಮ್ಮ ನಡುವೆ ಮೂವತ್ತು ವರ್ಷ ಚೆನ್ನಾಗಿಯೇ ನಡೆದಿತ್ತು. ಈ ವಯಸ್ಸಿನಲ್ಲಿ ಅಂಗಡಿಯಿಂದ ಮನೆಗೆ ಬರುವುದೇ ಒಂದು ಪ್ರವಾಸ.

ಒಪ್ಪಂದ ಮುರಿದವರು ಮಗಳ ಮಾವ, ಸೊಲ್ಲಾಪುರದ ಶಿವಶರಣಪ್ಪನವರು. ನನಗಿಂತ ಐದು ವರ್ಷ ಹಿರಿಯರು. ಮದುವೆಯಾದ ಮೇಲೆ ಮೊದಲ ಸಲ ನಮ್ಮ ಮನೆಗೆ ಬಂದಿದ್ದರು. ಮೊದಲ ದಿನ ಅವರಿಗೆ ಕಲ್ಲಿನ ಗಣಿ ತೋರಿಸಿದೆ. ಎರಡನೆಯ ದಿನ ಕಲ್ಲು ಕೊಯ್ಯುವುದನ್ನು ತೋರಿಸಿದೆ. ಮೂರನೆಯ ದಿನ, ಕೊಯ್ದ ಕಲ್ಲಿಗೆ ಪಾಲಿಶ್ ಹಾಕುವುದನ್ನು ತೋರಿಸಲು ಹೊರಟಾಗ ಬೀಗರು ಚಪ್ಪಲಿ ಮೆಟ್ಟದೆ ನಿಂತರು.

"ಬೀಗರ, ಕಲ್ಲು ಭಾಳ ಛಲೋ ಅವರಿ. ಜೀವ ಇದ್ದದ್ದು ಏನರ ನೋಡಲಿಕ್ಕ ಸಿಗತದೇನ್ರಿ ನಿಮ್ಮ ಕಡೆ?"

ಒಳಗಿನಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. ಬೀಗರ ಎದುರು ನಮ್ಮ ಊರಿನ ಮಾನ ಹೋದರೆ ಅತ್ತೆಮನೆಯಲ್ಲಿ ಮಗಳು ತಲೆ ಎತ್ತುವಂತಿಲ್ಲ. "ಸಿಗದ ಏನ್ರಿ! ಚಿಂಚೋಳಿ ಕಾಡಿನಾಗ ತೋಳ ಅವ. ನಾ ಹೋದಾಗೆಲ್ಲ ಎದುರಿಗೇ ಬಂದು ನಿಂದರ್ತಾವ. ನಾಳೆ ತೋರಸ್ತೀನಿ ಬರ್ರಿ" ಎಂದುಬಿಟ್ಟೆ. ನಾನು ಚಿಂಚೋಳಿಗೆ ಹೋದದ್ದು ಎರಡು ಸಲ, ಎರಡೂ ಸಲ ಮದುವೆಯ ಊಟಕ್ಕೆ.

ಮರುದಿನ ನಸುಕಿನಲ್ಲೇ ಹೊರಟೆವು. ಚಿತ್ತಾಪುರದಲ್ಲಿ ನನ್ನ ಸೊಂಟ ಹಿಡಿಯಿತು, ಸೇಡಂನಲ್ಲಿ ಬಿಟ್ಟಿತು, ಚಂದಾಪುರ ದಾಟುವಷ್ಟರಲ್ಲಿ ಕುತ್ತಿಗೆ ಹಿಡಿಯಿತು. ಕಾಡಿನ ಬಾಯಲ್ಲಿ ಸಫಾರಿ ಜೀಪು ಹತ್ತಿದೆವು. ಜೀಪಿನ ಡ್ರೈವರ್ ಮಿತಭಾಷಿ. "ಮಾತಾಡಬ್ಯಾಡ್ರಿ. ಸಪ್ಪಳಾದ್ರ ಪ್ರಾಣಿ ಬರಂಗಿಲ್ಲ" ಎಂದಷ್ಟೇ ಹೇಳಿದ.

ಆದರೆ ಬೀಗರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಸುಮ್ಮನಿರುವುದು ನಮ್ಮ ಕಡೆ ಅಪರಾಧಕ್ಕೆ ಸಮ. ಮೇಲಾಗಿ ಹೆಂಡತಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಳು.

"ಇನ್ನೊಂದು ತಗೋರಿ."

"ಸಾಕ್ರಿ ಬೀಗರ."

"ಅಲ್ರೀ, ನೀವು ತಿಂದದ್ದರ ಏನು?"

"ಖರೇನೇ ಸಾಕ್ರೀ!"

"ನನ್ನಾಣಿ ಅದ ನೋಡ್ರಿ!"

ಚಿಂಚೋಳಿಯ ಜೀವರಾಶಿ ಅಷ್ಟು ಹೊತ್ತಿಗೆ ತೆಲಂಗಾಣದ ಗಡಿ ದಾಟಿರಬೇಕು. ಡ್ರೈವರ್ ಹಿಂತಿರುಗಿ, "ಸಾವಕಾರ್ರ, ರೊಟ್ಟಿ ಒಬ್ಬರು ಕೊಡ್ರಿ, ಒಬ್ಬರು ತಗೋರಿ. ಜಗಳ ಯಾಕ?" ಎಂದ. ಬೀಗರಿಗೆ ಉಣಿಸುವುದೆಂದರೆ ಜಗಳವೇ ಎಂದು ಅವನಿಗೆ ಹೇಗೆ ತಿಳಿಸುವುದು?

ಎರಡು ಗಂಟೆ ಧೂಳು ಕುಡಿದೆವು. ಒಂದು ನವಿಲಿನ ಬೆನ್ನು ಕಂಡಿತು. ಆಮೇಲೆ ಆರು ಎಮ್ಮೆಗಳು, ಅವುಗಳ ಹಿಂದೆ ಅವುಗಳ ಯಜಮಾನ. ಬೀಗರು ಆಕಳಿಸಿದರು. ಡ್ರೈವರ್ ಜೀಪು ತಿರುಗಿಸಿದ. ಸೊಲ್ಲಾಪುರದ ಪಡಸಾಲೆಯಲ್ಲಿ "ನಮ್ಮ ಬೀಗರು ನಮಗ ಎಮ್ಮಿ ತೋರಿಸಿ ಕಳಿಸ್ಯಾರ" ಎಂದು ಇವರು ನಗುವುದು, ಮಗಳು ಅಡುಗೆಮನೆಯಲ್ಲಿ ತಲೆ ತಗ್ಗಿಸುವುದು, ಎಲ್ಲ ನನ್ನ ಕಣ್ಣಿಗೆ ಕಟ್ಟಿತು. ನನ್ನ ಕೈ ತಾನಾಗಿಯೇ ಎದ್ದಿತು. "ಅಗೋ ನೋಡ್ರಿ! ಆ ಪೊದಿ ಬುಡಕ! ತೋಳ!"

ಅದು ಒಣಗಿದ ಮುತ್ತುಗದ ಬೊಡ್ಡೆ. ಬೊಡ್ಡೆಯೆಂದು ಗೊತ್ತಿದ್ದೇ ತೋರಿಸಿದೆ.

ಬೀಗರು ಎದ್ದು ನಿಂತು ಹುಬ್ಬಿಗೆ ಕೈ ಹಚ್ಚಿದರು. "ಹೌದಲ್ರೀ ಬೀಗರ! ಎಷ್ಟು ದೊಡ್ಡದದ!"

ಡ್ರೈವರ್ ಬೊಡ್ಡೆಯನ್ನು ನೋಡಿದ, ನನ್ನನ್ನು ನೋಡಿದ. ಬೆಳಗಿನಿಂದ ನಮ್ಮಲ್ಲಿ ಬೇಡಿದ್ದ ಮೌನವನ್ನು ಈಗ ತಾನೇ ಪಾಲಿಸುತ್ತ ಗೇರು ಹಾಕಿದ.

ಮನೆಗೆ ಬಂದು ಬೀಗರು ನನ್ನ ಹೆಂಡತಿಗೆ ವರದಿ ಒಪ್ಪಿಸಿದರು. "ಅಕ್ಕಾರ, ನಮ್ಮನ್ನ ನೋಡಿ ಅದು ಹಿಂಗ ಬಾಯಿ ತೆರದು ಆಕಳಿಸ್ತು. ಹೌದಿಲ್ರಿ ಬೀಗರ?"

"ಹೌದ್ರಿ. ಹಲ್ಲು ಭಾಳ ಸ್ವಚ್ಛ ಇದ್ದವು" ಎಂದೆ.

ಸಂಜೆಯ ಚಹಾದ ಹೊತ್ತಿಗೆ ಬೀಗರ ಮಾತಿನಲ್ಲಿ ಆ ತೋಳಕ್ಕೆ ಎರಡು ಮರಿಗಳಾದವು. ಒಂದೇ ಜೀಪಿನಲ್ಲಿ ಕೂತು, ನಾನೇ ಹುಟ್ಟಿಸಿದ ತೋಳವನ್ನು ಇವರು ನನಗಿಂತ ಚೆನ್ನಾಗಿ ನೋಡಿಬಿಟ್ಟರಲ್ಲ ಎಂದು ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು.

ಮರುದಿನ ವಾಡಿ ಸ್ಟೇಷನ್ನಿನಲ್ಲಿ, ಗಾಡಿ ಬರುವ ಹೊತ್ತಿಗೆ, ಬೀಗರು ನನ್ನ ಎರಡೂ ಕೈ ಹಿಡಿದರು. "ಒಂದು ಮಾತು ಹೇಳ್ತೀನಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ. ನನ್ನ ಕಣ್ಣಾಗ ಪೊರಿ ಬಂದದ. ನೀವು ತೋಳ ತೋರಿಸಿದ್ರಿ, ನನಗ ಕಾಣಲಿಲ್ಲ. ಅಷ್ಟು ಪ್ರೀತಿಲೆ ಕರ್ಕೊಂಡು ಹೋದವ್ರಿಗೆ ಇಲ್ಲಂತ ಹ್ಯಾಂಗ ಅನ್ನಲ್ರಿ? ಸುಳ್ಳು ಹೇಳಿದೆ. ತಪ್ಪಾತು."

ಆ ಮುದಿಗಣ್ಣುಗಳಲ್ಲಿ ನೀರಿತ್ತು. ನನ್ನ ನಾಲಿಗೆಯ ತುದಿಯವರೆಗೆ ಬೊಡ್ಡೆ ಬಂದಿತ್ತು. ಒಂದು ಮಾತು ಆಡಿದ್ದರೆ ಇಬ್ಬರೂ ನಕ್ಕು ಹಗುರಾಗಬಹುದಿತ್ತು.

ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ. "ಇರಲಿ ಬಿಡ್ರಿ, ನಾ ಏನೂ ತಪ್ಪು ತಿಳ್ಕೊಳ್ಳಂಗಿಲ್ಲ. ಕಣ್ಣಿನ ಆಪರೇಶನ್ ಮಾಡಿಸ್ಕೊಂಡು ಬರ್ರಿ. ಇನ್ನೂ ಹತ್ತಿರದಿಂದ ತೋರಸ್ತೀನಿ."

ಗಾಡಿ ಹೊರಟಿತು. ಕಿಟಕಿಯಿಂದ ಅವರು ಕೈ ಮುಗಿದರು. ನಾನು, ಕ್ಷಮಿಸಿದವರು ಎತ್ತುವಂತೆ, ಕೈ ಎತ್ತಿದೆ.